ಬಾಗಿಲು ತಟ್ಟುವವಳು

ಫೆಬ್ರುವರಿ 3

ಅಕ್ಕಾ,

ಕಾಗದ ತಡವಾಯಿತು, ಬೈಯಬೇಡ. ಬೈಯುವುದಾದರೂ ಕಾಗದದಲ್ಲೇ ಬೈ. ದಿನವಿಡೀ ರೈಲ್ವೆ ಸ್ಟೇಷನ್ನಿನ ಮೈಕಿನ ಮುಂದೆ ಮಾತಾಡಿ ಮನೆಗೆ ಬಂದವಳಿಗೆ ಫೋನು ಹಿಡಿಯಲು ಬೇಸರ ಎಂದು ನೀನು ಹೇಳಿದ್ದಕ್ಕೆ ತಾನೇ ನಾವಿಬ್ಬರು ಈ ಕಾಲದಲ್ಲೂ ಅಂಚೆಯವನಿಗೆ ಕೆಲಸ ಕೊಡುತ್ತಿರುವುದು? ಆಫೀಸಿಗೆ ನಿನ್ನ ಲಕೋಟೆ ಬಂದರೆ ಎಲ್ಲರೂ ಸುತ್ತ ನಿಂತು ಮ್ಯೂಸಿಯಂ ನೋಡಿದ ಹಾಗೆ ನೋಡುತ್ತಾರೆ.

ನಮ್ಮ ಆಟ ಮಾರುಕಟ್ಟೆಗೆ ಬಂದು ಎರಡು ತಿಂಗಳಾಯಿತು. ಭಾವನಿಗೆ ಇನ್ನೂ ಅರ್ಥವಾಗಿಲ್ಲ ಎಂದೆಯಲ್ಲ, ಹೀಗೆ ಹೇಳು: ಜನ ಬಿಟ್ಟುಹೋದ ಒಂದು ದೊಡ್ಡ ವಸತಿ ಕಟ್ಟಡ. ಅದರೊಳಗೆ ಐವರು ಆಟಗಾರರು. ಒಬ್ಬೊಬ್ಬರೂ ಒಂದೊಂದು ಊರಿನಲ್ಲಿ ಕಂಪ್ಯೂಟರ್ ಮುಂದೆ ಕೂತವರು. ನಾಲ್ವರು ಅಡಗಿ, ಫ್ಯೂಸುಗಳನ್ನು ಹುಡುಕಿ ಹಾಕಿ, ಲಿಫ್ಟು ಚಾಲೂ ಮಾಡಿ ತಪ್ಪಿಸಿಕೊಳ್ಳಬೇಕು. ಐದನೆಯವರು ಅವರನ್ನು ಹಿಡಿಯಬೇಕು. ನಾಲ್ವರ ಎದುರು ಒಬ್ಬರೇ ಇರುವುದರಿಂದ ಆ ಒಬ್ಬರಿಗೆ ಒಂದು ವಿಶೇಷ ಶಕ್ತಿ. ಹಿಡಿಯುವವರಿಗೆ ಮೂರು ವೇಷಗಳಿವೆ: ಗೋಡೆಯೊಳಗಿಂದ ಹೊರಬರುವ ಗಾರೆಯವನು, ದೀಪ ಆರಿಸುವ ಕಾವಲುಗಾರ, ಮತ್ತು ನೆರೆಮನೆಯವಳು. ಅಂದರೆ ನೀನು.

ನೆರೆಮನೆಯವಳು ಎಲ್ಲೇ ನಿಂತಿದ್ದರೂ ಯಾವ ಬಾಗಿಲನ್ನಾದರೂ ತಟ್ಟಬಲ್ಲಳು. ತಟ್ಟಿದ ಕೂಡಲೇ ನಿನ್ನ ದನಿ: "ಸ್ವಲ್ಪ ಬಾಗಿಲು ತೆಗೀತೀರಾ?" ಒಳಗೆ ಅಡಗಿದವರು ಹೆದರಿ ಹೊರಗೆ ಓಡಬೇಕು, ಆಗ ಅವಳು ಹಿಡಿಯಬೇಕು. ಅದು ನನ್ನ ಲೆಕ್ಕ. ಜನ ನಿನ್ನ ದನಿಯನ್ನು ಬಹಳ ಇಷ್ಟಪಟ್ಟಿದ್ದಾರೆ. ಅವಳ ತಟ್ಟುವಿಕೆಯನ್ನು ಸ್ವಲ್ಪ ಹರಿತ ಮಾಡು ಎಂದು ನಮ್ಮ ಕಂಪನಿಯ ಮೇಡಂ ನನಗೆ ಒಪ್ಪಿಸಿದ್ದಾರೆ. ಚಿಕ್ಕ ಕೆಲಸ. ಮೇ ತಿಂಗಳ ಅಪ್‌ಡೇಟ್ ಒಳಗೆ ಮುಗಿದರಾಯಿತು. ನಿಜವಾಗಿಯೂ ಚಿಕ್ಕ ಕೆಲಸ.

ನಿನ್ನ,
ತರ್ಲೆ


ಫೆಬ್ರುವರಿ 14

ತರ್ಲೆಗೆ ಆಶೀರ್ವಾದ.

"ಚಿಕ್ಕ ಕೆಲಸ" ಎಂದು ಎರಡು ಸಲ ಬರೆದಿದ್ದೀಯ. ಚಿಕ್ಕ ಕೆಲಸವಾಗಿದ್ದರೆ ನೀನು ಅದರ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಇರಲಿ, ದೊಡ್ಡವನಾಗಿದ್ದೀಯ, ನಿನ್ನ ಗುಟ್ಟು ನಿನಗೆ.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ರೈಲುಗಳು ತಡವಾಗುತ್ತವೆ, ಪ್ರಯಾಣಿಕರು ಗೊಣಗುತ್ತಾರೆ, ಸ್ಟೇಷನ್ ಮಾಸ್ತರರು ಮೊಣಕಾಲು ಒತ್ತಿಕೊಳ್ಳುತ್ತಾ "ಈ ಸಲ ರಿಟೈರ್ ಆಗೇ ಬಿಡ್ತೀನಮ್ಮಾ" ಎನ್ನುತ್ತಾರೆ. ನಿನ್ನ ಭಾವ ನೀನು ಹೇಳಿದ್ದನ್ನೆಲ್ಲ ಕೇಳಿ, "ಅಂದ್ರೆ ಕಣ್ಣಾಮುಚ್ಚಾಲೆ ತಾನೆ? ಅದಕ್ಕೆ ಸಂಬಳ ಬೇರೆ ಕೊಡ್ತಾರಾ?" ಎಂದರು.

ಮಗಳು ಎರಡು ಪ್ರಶ್ನೆ ಕೇಳಿದ್ದಾಳೆ. ಒಂದು, ಬಾಗಿಲು ತಟ್ಟಿದ ಮೇಲೆ ನೆರೆಮನೆಯವಳು ಕೈ ಎತ್ತಿಕೊಂಡು ಬೊಂಬೆಯ ಹಾಗೆ ನಿಂತುಬಿಡುತ್ತಾಳಲ್ಲ, ಯಾಕೆ? ಅಷ್ಟರಲ್ಲಿ ಎಲ್ಲರೂ ಮೆಟ್ಟಿಲು ಇಳಿದು ಹೋಗಿರುತ್ತಾರೆ. ಎರಡು, ತಟ್ಟಿದ ಬಾಗಿಲು ಅಡಗಿದವರ ಕಣ್ಣಿಗೆ ನೀಲಿಯಾಗಿ ಹೊಳೆಯುತ್ತದಂತೆ. ಕಳ್ಳ ಬರುವ ಮೊದಲು ತಮಟೆ ಹೊಡೆದ ಹಾಗಾಯಿತಲ್ಲ? ನನಗೇನೂ ಗೊತ್ತಿಲ್ಲಪ್ಪ, ಅವಳು ಕೇಳಿದ್ದನ್ನು ಬರೆದಿದ್ದೇನೆ.

ಊಟ ಬಿಡಬೇಡ.

ಅಕ್ಕ


ಫೆಬ್ರುವರಿ 14, ಇನ್ನೊಂದು ಹಾಳೆ

ಇದನ್ನು ಅಂಚೆಗೆ ಹಾಕುವುದಿಲ್ಲ ಎಂದು ತೀರ್ಮಾನಿಸಿಕೊಂಡೇ ಬರೆಯುತ್ತಿದ್ದೇನೆ. ಹೊಟ್ಟೆಯೊಳಗೆ ಇಟ್ಟುಕೊಂಡರೆ ಅರಗುವುದಿಲ್ಲ.

ತರ್ಲೆ, ಇಲ್ಲಿ ಯಾವುದೂ ಇದ್ದ ಹಾಗೆ ಇಲ್ಲ. ಡಿಸೆಂಬರಿನಿಂದ ಸ್ಟೇಷನ್ನಿನಲ್ಲಿ ಯಂತ್ರ ಮಾತಾಡುತ್ತದೆ. ರೈಲಿನ ನಂಬರು ಒತ್ತಿದರೆ ಸಾಕು, ಯಾವಳೋ ಒಬ್ಬಳ ದನಿ ಎಲ್ಲವನ್ನೂ ಹೇಳಿಬಿಡುತ್ತದೆ. ಅವಳು ಕೆಮ್ಮುವುದಿಲ್ಲ, ರಜೆ ಕೇಳುವುದಿಲ್ಲ. ನನ್ನನ್ನು ಕಳೆದುಹೋದ ಸಾಮಾನಿನ ಕೌಂಟರಿಗೆ ಹಾಕಿದ್ದಾರೆ. ಛತ್ರಿ, ಕನ್ನಡಕ, ಒಂದೇ ಕಾಲಿನ ಚಪ್ಪಲಿ ಇವುಗಳ ನಡುವೆ ಕೂರುತ್ತೇನೆ. ಸ್ಟೇಷನ್ ಮಾಸ್ತರರು ಬಹಳ ನೊಂದುಕೊಂಡು ಹೇಳಿದರು, ಅವರ ಮೇಲೆ ಕೋಪವಿಲ್ಲ. ಆದರೆ ನನ್ನ ದನಿ ಇನ್ನು ಈ ಲೋಕದಲ್ಲಿ ಎಲ್ಲಾದರೂ ಕೇಳಿಸುತ್ತಿದ್ದರೆ ಅದು ನಿನ್ನ ಆಟದೊಳಗೆ ಮಾತ್ರ.

ಅದಕ್ಕೇ ಆಡತೊಡಗಿದೆ. ಮಗಳ ಹಳೆಯ ಕಂಪ್ಯೂಟರಿನಲ್ಲಿ, 'ಛತ್ರಿ-41' ಎಂಬ ಹೆಸರಿನಲ್ಲಿ. ಕೌಂಟರಿನಲ್ಲಿ ಯಾರೂ ಕೇಳಲು ಬಾರದ ಒಂದು ಛತ್ರಿಗೆ ಅಂಟಿಸಿದ ಚೀಟಿ ಅದು. ಪ್ರತಿ ಸಲವೂ ನೆರೆಮನೆಯವಳೇ ಆಗುತ್ತೇನೆ, ಪ್ರತಿ ಸಲವೂ ಸೋಲುತ್ತೇನೆ. ಆಟ ಮುಗಿದ ಮೇಲೆ ಒಬ್ಬರಿಗೊಬ್ಬರು ಎರಡು ಸಾಲು ಬರೆಯಬಹುದಲ್ಲ, ಅಲ್ಲಿ ಬರೆಯುತ್ತಾರೆ: "ಸಕ್ಕರೆ ಬೇಕಿತ್ತಾ ಆಂಟಿ?" ಎಲ್ಲರೂ ಅದನ್ನೇ ಬರೆಯುತ್ತಾರೆ. ಅದು ಅವರಲ್ಲಿ ಒಂದು ನಗೆಚಾಟಿಕೆಯೇ ಆಗಿಹೋಗಿದೆ.

ಜನ ಇಷ್ಟಪಟ್ಟಿದ್ದಾರೆ ಎಂದು ಬರೆದೆಯಲ್ಲ ನೀನು. ಸುಳ್ಳು ಹೇಳಲು ನಿನಗೆ ಚಿಕ್ಕಂದಿನಿಂದಲೂ ಬರುವುದಿಲ್ಲ.

ಇದನ್ನೆಲ್ಲ ನಿನಗೆ ಹೇಳಿದರೆ ನೀನು ಕರುಣೆಯಿಂದ ಕೆಲಸ ಮಾಡುತ್ತೀಯ. ಕರುಣೆಯಿಂದ ಮಾಡಿದ ಕೆಲಸ ಚೆನ್ನಾಗಿರುವುದಿಲ್ಲ. ಅದಕ್ಕೇ ಈ ಹಾಳೆ ಇಲ್ಲೇ ಇರಲಿ.


ಮಾರ್ಚ್ 2

ಅಕ್ಕಾ,

ನಿನ್ನ ಮಗಳು ಓದು ಬಿಟ್ಟು ಆಟದ ಮುಂದೆ ಕೂತಿದ್ದಾಳೆ ಅನ್ನುವುದು ಗ್ಯಾರಂಟಿ. ಕಿವಿ ಹಿಂಡು. ಆದರೆ ಹಿಂಡುವ ಮೊದಲು ಒಂದು ಶಭಾಷ್ ಹೇಳು. ಎರಡೂ ಪ್ರಶ್ನೆ ಸರಿಯಾಗಿವೆ, ಎರಡಕ್ಕೂ ನನ್ನ ಹತ್ತಿರ ಉತ್ತರ ಇಲ್ಲ.

ಇನ್ನು ನಿನಗೆ ಸುಳ್ಳು ಹೇಳುವುದು ಬೇಡ. ನೆರೆಮನೆಯವಳ ಪರಿಸ್ಥಿತಿ ಕೆಟ್ಟದಾಗಿದೆ. ನಮ್ಮಲ್ಲಿ ಲೆಕ್ಕದವನು ಅಂತ ಒಬ್ಬನಿದ್ದಾನೆ, ಯಾರು ಯಾವ ವೇಷ ಆರಿಸಿಕೊಂಡರು, ಎಷ್ಟು ಗೆದ್ದರು ಎಂದು ನೋಡುವುದೇ ಅವನ ಉದ್ಯೋಗ. ಅವನ ಪ್ರಕಾರ ನೆರೆಮನೆಯವಳನ್ನು ಯಾರೂ ಮುಟ್ಟುವುದಿಲ್ಲ. ಕಾರಣ ನನ್ನದೇ. ಬಾಗಿಲು ತಟ್ಟಿದರೆ ಒಳಗಿದ್ದವನಿಗೆ ತಿಳಿಯುವುದು ಒಂದೇ ವಿಷಯ: ಅವಳು ಎಲ್ಲೋ ದೂರದಲ್ಲಿ ಕೈ ಎತ್ತಿ ನಿಂತಿದ್ದಾಳೆ. ಅವನು ಹಾಯಾಗಿ ಕಾಲು ಚಾಚಿ ಕೂರುತ್ತಾನೆ. ಹೆದರಿಸಲು ಕೊಟ್ಟ ಶಕ್ತಿ ಧೈರ್ಯ ಹೇಳುತ್ತಿದೆ! ಮೇ ಅಪ್‌ಡೇಟ್ ಒಳಗೆ ಸರಿಯಾಗದಿದ್ದರೆ ಅವಳನ್ನು ತೆಗೆದೇಬಿಡುವುದು ಎಂದು ಮೇಡಂ ಹೇಳಿದ್ದಾರೆ. ಅವಳು ಹೋದರೆ ನಿನ್ನ ದನಿಯೂ ಹೋಗುತ್ತದೆ. ಇದನ್ನು ಹೇಳಲು ನಾಲಿಗೆ ಏಳಲಿಲ್ಲ.

ಮೊದಲು ನೀಲಿ ಹೊಳಪು ತೆಗೆದೆ. ಏನೂ ಆಗಲಿಲ್ಲ. ಆಮೇಲೆ ತಟ್ಟಿದ ಕೂಡಲೇ ಅವಳಿಗೆ ಓಟದ ವೇಗ ಹೆಚ್ಚಿಸಿದೆ. ಆಗ ಅವಳು ಎಲ್ಲರನ್ನೂ ಕಣ್ಣುಮುಚ್ಚಿ ಬಿಡುವುದರೊಳಗೆ ಹಿಡಿದು ಹಾಕಿದಳು, ಆಟ ಆಡಿ ಪರೀಕ್ಷೆ ಮಾಡುವ ನಮ್ಮ ಟೆಸ್ಟರುಗಳು ಮೌಸ್ ಎಸೆದು ಚಹಾಕ್ಕೆ ಹೋದರು. ಅವಳು ನೆರೆಮನೆಯವಳಾಗಿ ಉಳಿದಿರಲಿಲ್ಲ, ಬರೀ ಓಟಗಾರ್ತಿ. ಅದನ್ನೂ ತೆಗೆದೆ.

ಒಂದು ತಮಾಷೆ ಕೇಳು. ಇಡೀ ಲೋಕದಲ್ಲಿ ಒಬ್ಬ ಹುಚ್ಚ ಇದ್ದಾನೆ, ಛತ್ರಿ-41 ಎಂದು ಹೆಸರಿಟ್ಟುಕೊಂಡವನು. ಅವನು ನೆರೆಮನೆಯವಳನ್ನು ಬಿಟ್ಟು ಬೇರೆ ವೇಷ ಮುಟ್ಟುವುದಿಲ್ಲ. ಹೆಚ್ಚುಕಡಿಮೆ ಎಲ್ಲ ಆಟದಲ್ಲೂ ಸೋತಿದ್ದಾನೆ. ಮರುದಿನ ಮತ್ತೆ ಹಾಜರ್. ಯಾರೋ ಕೆಲಸವಿಲ್ಲದ ಮುದುಕ ಇರಬೇಕು ಅನ್ನುತ್ತಾನೆ ಲೆಕ್ಕದವನು. ನನಗೆ ಮಾತ್ರ ಅವನನ್ನು ಕಂಡರೆ ಪ್ರಾಣ.

ತರ್ಲೆ


ಮಾರ್ಚ್ 11

ತರ್ಲೆ,

ಮಗಳ ಕಿವಿ ಹಿಂಡಿದ್ದೇನೆ. ಯಾಕೆ ಎಂದು ಅವಳಿಗೆ ಗೊತ್ತಾಗಲಿಲ್ಲ.

ಆ ಛತ್ರಿಯವರನ್ನು ಹುಚ್ಚ ಎನ್ನಲು ನಿನಗೆ ಯಾರು ಅಧಿಕಾರ ಕೊಟ್ಟರು? ನೀನು ಮಾಡಿಟ್ಟ ಕೆಟ್ಟ ಸಾಮಾನನ್ನು ಬೇಸರವಿಲ್ಲದೆ ಹೊತ್ತು ತಿರುಗುವವರು ಯಾರೋ ಒಬ್ಬರು ಇದ್ದಾರೆ ಅಂದರೆ ಕೈ ಮುಗಿಯಬೇಕು. ಅದೂ ಅವನೋ, ಅವಳೋ, ನಿನ್ನ ಲೆಕ್ಕದವನಿಗೆ ಏನು ಗೊತ್ತು? ಕೆಲಸವಿಲ್ಲದ ಮುದುಕನಂತೆ! ಅವನಿಗೆ ಹೇಳು, ಮರ್ಯಾದೆಯಿಂದ ಮಾತಾಡಲಿ.

ನನ್ನ ದನಿಯ ವಿಷಯ ನೀನು ತಲೆ ಕೆಡಿಸಿಕೊಳ್ಳಬೇಡ. ಇಲ್ಲಿ ನನಗೆ ಮೈಕು ಇದ್ದೇ ಇದೆ.

ಒಂದು ಮಾತು ಹೇಳುತ್ತೇನೆ, ನಿನಗೆ ಉಪಯೋಗವಾದರೆ ಸರಿ. ನಾನು ಮೈಕಿನಲ್ಲಿ ಕರೆದರೆ ಜನ ಮಕ್ಕಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡಿ ಬರುತ್ತಾರೆ. ಅದು ನನ್ನ ದನಿ ಇಂಪಾಗಿದೆ ಅಂತಲ್ಲ. ಹೊರಟು ನಿಂತಿರುವುದು ಅವರ ರೈಲು. ನಿನ್ನ ನೆರೆಮನೆಯವಳು ಎಷ್ಟು ತಟ್ಟಿದರೇನು, ಒಳಗಿದ್ದವನಿಗೆ ಬಾಗಿಲು ತೆಗೆಯುವ ದರ್ದು ಏನಿದೆ? ನಾನಾದರೂ ತೆಗೆಯುವುದಿಲ್ಲ.

ಭಾವನಿಗೆ ಹೊಸ ಕನ್ನಡಕ ಬಂದಿದೆ. ನನ್ನನ್ನು ನೋಡಿ "ಓ, ನೀನಾ!" ಎಂದರು.

ಅಕ್ಕ


ಮಾರ್ಚ್ 19

ಅಕ್ಕಾ, ಅಕ್ಕಾ, ಅಕ್ಕಾ!

ನಿನ್ನ ಕಾಗದ ಓದಿ ಆಫೀಸಿನ ಕಾರಿಡಾರಿನಲ್ಲಿ ಒಬ್ಬನೇ ಓಡಾಡಿದೆ. ತೆಗೆಯುವ ದರ್ದು! ಇಷ್ಟು ದಿನ ನಾನು ನೆರೆಮನೆಯವಳಿಗೆ ಏನು ಕೊಡಲಿ, ಏನು ಕೊಡಲಿ ಎಂದು ತಲೆ ಚಚ್ಚಿಕೊಳ್ಳುತ್ತಿದ್ದೆ. ಕೊಡಬೇಕಾದದ್ದು ಅವಳಿಗಲ್ಲ, ಅಡಗುವವರಿಗೆ!

ಅವರಿಗೆ ಚಿಲಕ ಕೊಟ್ಟೆ. ಈಗ ಯಾರಾದರೂ ಕೋಣೆಯೊಳಗೆ ಹೋಗಿ ಚಿಲಕ ಹಾಕಿಕೊಂಡರೆ ನೆರೆಮನೆಯವಳು ಒಳಗೆ ಬರುವಂತಿಲ್ಲ. ಎಷ್ಟು ಸುಖ! ಆದರೆ ಅವರ ಜೊತೆಗಾರರೂ ಒಳಗೆ ಬರುವಂತಿಲ್ಲ. ಆಟದೊಳಗೆ ಒಬ್ಬರಿಗೊಬ್ಬರು ಮಾತಾಡುವ ಅವಕಾಶ ನಾವು ಇಟ್ಟೇ ಇಲ್ಲ. ಹೊರಗೆ ಸಿಕ್ಕಿಕೊಂಡವನು ಒಳಗೆ ಬರಬೇಕಾದರೆ ಬಾಗಿಲು ತಟ್ಟಬೇಕು. ಆ ತಟ್ಟಿದ ಸದ್ದು ಮತ್ತು ನೆರೆಮನೆಯವಳ ಸದ್ದು ಒಂದೇ! ಒಳಗಿದ್ದವನು ಈಗ ಏನು ಮಾಡಬೇಕು ಹೇಳು? ತೆಗೆಯದಿದ್ದರೆ ಹೊರಗೆ ಗೆಳೆಯ ಸಾಯಬಹುದು. ಅವಳು ಆ ಬಾಗಿಲ ಮುಂದೆಯೇ ನಿಂತು ತಟ್ಟಿದ್ದರೆ, ತೆಗೆದು ತಾನೇ ಸಾಯಬಹುದು. ನಾನು ಅವಳ ಶಕ್ತಿಯನ್ನು ಒಂದು ಕೂದಲೆಳೆಯಷ್ಟೂ ಹೆಚ್ಚಿಸಿಲ್ಲ. ಹಾಗಿದ್ದೂ ಪ್ರತಿ ಸದ್ದಿಗೂ ಎದೆ ಹಾರುತ್ತದೆ.

ಮುಂದಿನ ವಾರ ನಮ್ಮ ಟೆಸ್ಟರುಗಳಿಂದ ಆಡಿಸುತ್ತೇವೆ. ಮೇಡಂ ತಾವೇ ಕೂತು ನೋಡುತ್ತಾರಂತೆ. ಹಾರೈಸು.

ತರ್ಲೆ


ಮಾರ್ಚ್ 27

ಅಕ್ಕಾ,

ಎಲ್ಲ ಮಣ್ಣುಪಾಲಾಯಿತು. ಮೂರು ದಿನ ಆಡಿದರು. ನೆರೆಮನೆಯವಳಿಗೆ ಒಬ್ಬರೂ ಒಂದು ಸಲವೂ ಬಾಗಿಲು ತೆಗೆಯಲಿಲ್ಲ. ಗೆಳೆಯ ತಟ್ಟಿದರೆ ತೆಗೆಯುತ್ತಾರೆ, ಅವಳು ತಟ್ಟಿದರೆ ಇಲ್ಲ. ದೇವರು ಬಂದು ಕಿವಿಯಲ್ಲಿ ಹೇಳಿದ ಹಾಗೆ ಸರಿಯಾಗಿ ಗೊತ್ತಾಗುತ್ತಿದೆ! ಹೇಗೆ ಎಂದು ಅವರನ್ನೇ ಕೇಳಿದರೆ "ಏನೋ ಸಾರ್, ಹಾಗೇ ಅನ್ಸುತ್ತೆ" ಅನ್ನುತ್ತಾರೆ. ನಿನ್ನ ದನಿ ಅವರಿಗೆ ಗುರುತು ಕೊಡುತ್ತದೇನೋ ಎಂದು ಎರಡನೆಯ ದಿನ ಆ ಮಾತನ್ನು ನಿಲ್ಲಿಸಿ ಬರೀ ಸದ್ದು ಇಟ್ಟೆ. ಆಗಲೂ ಅಷ್ಟೇ.

"ನೀನು ಕಷ್ಟಪಟ್ಟಿದ್ದೀಯ, ಆದ್ರೆ ಇದು ನಡೆಯಲ್ಲ, ಬಿಟ್ಬಿಡು" ಎಂದು ಮೇಡಂ ಮೆತ್ತಗೆ ಹೇಳಿದರು. ಬೈದಿದ್ದರೆ ಇಷ್ಟು ಬೇಸರ ಆಗುತ್ತಿರಲಿಲ್ಲ.

ತರ್ಲೆ


ಏಪ್ರಿಲ್ 2

ತರ್ಲೆ,

ಅಳುಮುಂಜಿ ಕಾಗದ ಬಂತು. ಹನ್ನೆರಡು ಸಾಲು ಬರೆಯಲು ಅಂಚೆಚೀಟಿ ಬೇರೆ ದಂಡ.

ಅವಳನ್ನು ಇನ್ನೂ ತೆಗೆದುಹಾಕಿಲ್ಲ ತಾನೇ? ಮೇ ತಿಂಗಳು ಇನ್ನೂ ಬಂದಿಲ್ಲ ತಾನೇ? ಹಾಗಿದ್ದ ಮೇಲೆ ಮುಖ ತೊಳೆದುಕೊಂಡು ಕೂತು ಇನ್ನೊಮ್ಮೆ ನೋಡು. ಚಿಲಕದ ವಿಚಾರ ಓದಿದಾಗ ನನಗೆ ಮೈ ಜುಮ್ ಎಂದಿತು. ನಿನ್ನ ಭಾವನಿಗೆ ಓದಿ ಹೇಳಿದೆ. ಅಂದಿನಿಂದ ಅವರು ಸ್ನಾನಕ್ಕೆ ಹೋದರೆ, ನಾನು ಹೊರಗಿಂದ ತಟ್ಟಿದಾಗ, "ಯಾರು?" ಎಂದು ಕೇಳಿಯೇ ಮಾತಾಡುತ್ತಾರೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ! ಆ ವಿಚಾರ ಸುಳ್ಳಲ್ಲ. ಎಲ್ಲೋ ಏನೋ ಸೋರುತ್ತಿದೆ, ಹುಡುಕು.

ಅಕ್ಕ


ಏಪ್ರಿಲ್ 12

ಅಕ್ಕಾ,

ಸೋರುತ್ತಿದ್ದ ಜಾಗ ಸಿಕ್ಕಿತು! ನಮ್ಮಂಥ ದಡ್ಡರು ಇನ್ನೊಂದು ಆಫೀಸಿನಲ್ಲಿ ಸಿಗಲಾರರು.

ಟೆಸ್ಟರುಗಳಲ್ಲಿ ಒಬ್ಬಳಿಗೆ ವರ್ಷವಿಡೀ ಶೀತ, ಅವಳನ್ನು ನಾವು ನೆಗಡಿ ಎಂದೇ ಕರೆಯುವುದು. ಕಳೆದ ವಾರ ಅದು ಜ್ವರಕ್ಕೆ ತಿರುಗಿ, ಆಫೀಸಿಗೆ ಬರಲಾರದೆ ಮನೆಯಿಂದಲೇ ಆಡಿದಳು. ಬೇರೆ ಕೆಲಸಕ್ಕೆಂದು ಹಾಕಿದ ಆಟ, ನಾನು ಚಿಲಕ ತೆಗೆಯಲು ಮರೆತಿದ್ದೆ. ಸ್ವಲ್ಪ ಹೊತ್ತಿಗೆ ನನ್ನ ಫೋನು ಹೊಡೆದುಕೊಂಡಿತು. "ಸಾರ್, ನಾನ್ ಬಾಗ್ಲು ತೆಗ್ದೆ! ಅವ್ಳೇ ನಿಂತಿದ್ಲು ಸಾರ್! ನಮ್ಮಮ್ಮ ಅಡುಗೆಮನೆಯಿಂದ ಓಡಿ ಬಂದ್ರು!" ಜ್ವರದ ಗಂಟಲಲ್ಲಿ ಅಷ್ಟು ಜೋರಾಗಿ ಕೂಗಿದಳು.

ಆಗ ಹೊಳೆಯಿತು. ನಮ್ಮ ಟೆಸ್ಟರುಗಳು ಐವರೂ ಒಂದೇ ಉದ್ದದ ಮೇಜಿಗೆ ಸಾಲಾಗಿ ಕೂರುತ್ತಾರೆ. ನೆರೆಮನೆಯವಳಾಗಿ ಆಡುವವನು ತಟ್ಟಲು ಕೀ ಒತ್ತಿದರೆ ಆ ಟಕ್ ಸದ್ದು ಪಕ್ಕದವರಿಗೆ ಕೇಳಿಸುತ್ತದೆ. ಅವನು ಉಸಿರು ಬಿಗಿಹಿಡಿದರೂ, ಕುರ್ಚಿಯಲ್ಲಿ ಮುಂದಕ್ಕೆ ಜರುಗಿದರೂ ಗೊತ್ತಾಗುತ್ತದೆ. ಮೋಸ ಮಾಡುತ್ತಿದ್ದೇವೆ ಎಂದು ಅವರಿಗೇ ಗೊತ್ತಿರಲಿಲ್ಲ, ಪಾಪ. ಬೇರೆ ಬೇರೆ ಊರಿನವರು ಆಡುವ ಆಟವನ್ನು ನಾವು ಒಂದೇ ಬೆಂಚಿನಲ್ಲಿ ಕೂತು ಪರೀಕ್ಷೆ ಮಾಡುತ್ತಿದ್ದೆವು!

ಮರುದಿನ ಎಲ್ಲರನ್ನೂ ಚದುರಿಸಿದೆ. ಒಬ್ಬನನ್ನು ಮೆಟ್ಟಿಲ ಕೆಳಗೆ, ಒಬ್ಬಳನ್ನು ಮುರಿದ ಕುರ್ಚಿಗಳ ಗೋದಾಮಿಗೆ, ಒಬ್ಬನನ್ನು ಮೇಡಂ ಕಾರಿನೊಳಗೆ. ಲೆಕ್ಕದವನಿಗೆ ಬೇರೆ ಜಾಗ ಉಳಿಯದೆ ಬಚ್ಚಲಿನಲ್ಲಿ ಕೂರಿಸಿದೆ. ಏನು ಕಿರುಚಾಟ ಅಂತೀಯ! ಮೇಡಂ ತಾವೇ ಒಂದು ಆಟ ಆಡಿದರು, ಬಾಗಿಲು ತೆಗೆದರು, ಸತ್ತರು, ನಕ್ಕರು. "ಇಟ್ಕೊಳ್ಳೋಣ ಇವಳನ್ನ" ಎಂದರು. ನೆರೆಮನೆಯವಳು ಉಳಿದಳು!

ಒಂದು ಚಿಕ್ಕ ವಿಷಯ. "ಸ್ವಲ್ಪ ಬಾಗಿಲು ತೆಗೀತೀರಾ?" ಎಂಬ ಮಾತು ಇದ್ದರೆ ತಟ್ಟುತ್ತಿರುವುದು ಅವಳೇ ಎಂದು ಮೊದಲ ಪದಕ್ಕೇ ಗೊತ್ತಾಗಿಬಿಡುತ್ತದೆ. ಹಾಗಾಗಿ ಅದನ್ನು ತೆಗೆಯಬೇಕಾಯಿತು. ಬರೀ ತಟ್ಟುವ ಸದ್ದು ಇರುತ್ತದೆ. ನಿನಗೂ ಒಳ್ಳೆಯದೇ ಅಲ್ಲವಾ, ಇನ್ನು ಯಾರೂ ಆ ದನಿಯನ್ನು ಆಡಿಕೊಂಡು ನಗುವುದಿಲ್ಲ. ಹೇಗಿದ್ದರೂ ಸ್ಟೇಷನ್ನಿನಲ್ಲಿ ದಿನಾ ಸಾವಿರಾರು ಜನ ನಿನ್ನನ್ನು ಕೇಳುತ್ತಾರೆ.

ಭಾವನಿಗೆ ಹೇಳು, ಕಣ್ಣಾಮುಚ್ಚಾಲೆಗೆ ಸಂಬಳ ಹೆಚ್ಚಾಗುವ ಲಕ್ಷಣ ಇದೆ.

ತರ್ಲೆ


ಏಪ್ರಿಲ್ 29

ಅಕ್ಕಾ,

ನಿನ್ನಿಂದ ಕಾಗದವಿಲ್ಲ. ಅಂಚೆಯವನನ್ನು ಎರಡು ಸಲ ತಡೆದು ಕೇಳಿದೆ, ಅವನಿಗೇ ಮುಜುಗರವಾಯಿತು.

ಇಲ್ಲಿ ಇನ್ನೊಬ್ಬರೂ ಕಾಣೆಯಾಗಿದ್ದಾರೆ. ಛತ್ರಿ-41 ಆಡುತ್ತಿಲ್ಲ. "ನಿನ್ನ ಹುಚ್ಚ ಕೊನೆಗೂ ಸೋತು ಸುಸ್ತಾದ" ಎಂದು ಲೆಕ್ಕದವನು ಪರದೆ ತೋರಿಸಿದ. ಕೊನೆಯ ಆಟ ನನ್ನ ಕಾಗದ ನಿನಗೆ ತಲುಪಿರಬಹುದಾದ ಹೊತ್ತಿನದು. ಆ ದಿನಾಂಕ ನೋಡಿ ನಿನ್ನ ಹಳೆಯ ಕಾಗದಗಳನ್ನೆಲ್ಲ ಮತ್ತೆ ತೆಗೆದು ಓದಿದೆ. ನೀಲಿ ಹೊಳಪು, ಬೊಂಬೆಯ ಹಾಗೆ ನಿಲ್ಲುವುದು, ಆಡಿದವರಿಗೆ ಮಾತ್ರ ಗೊತ್ತಿರುವ ಸಂಗತಿ ಅವು. ನಿನ್ನ ಮಗಳಿಗೆ ಫೋನು ಮಾಡಿದೆ. "ಮಾವ, ನಾನು ಆ ಆಟ ಮುಟ್ಟೂ ಇಲ್ಲ. ಅಮ್ಮ ನನ್ನ ಹಳೇ ಕಂಪ್ಯೂಟರ್ ಬಿಟ್ಟು ಏಳೋದೇ ಇಲ್ಲ. ಅದರ ಮೇಲೆ ಸುಮ್ಸುಮ್ನೆ ನನ್ನ ಕಿವಿ ಬೇರೆ ಹಿಂಡಿದ್ರು" ಎಂದಳು. ಆಮೇಲೆ ಭಾವ ಫೋನು ತೆಗೆದುಕೊಂಡು ಸ್ಟೇಷನ್ನಿನ ಯಂತ್ರದ ವಿಷಯ ಹೇಳಿದರು. ನೀನು ಹೇಳಬೇಡ ಅಂದಿದ್ದೆಯಂತೆ. ಅವರನ್ನು ಬೈಯಬೇಡ, ನಾನೇ ಬಾಯಿ ಬಿಡಿಸಿದೆ.

ಅಕ್ಕಾ, ಸಾವಿರಾರು ಜನ ಕೇಳುತ್ತಾರೆ ಎಂದು ನಾನು ಬರೆದೆನಲ್ಲ. ಅದನ್ನು ಓದುವಾಗ ನಿನಗೆ ಹೇಗಾಗಿರಬೇಡ? ನೆನೆದರೆ ಊಟ ಸೇರುತ್ತಿಲ್ಲ. ನಿನ್ನ ದನಿ ಉಳಿಯಲಿ ಎಂದೇ ನಾನು ಇಷ್ಟೆಲ್ಲ ಒದ್ದಾಡಿದ್ದು. ಅವಳನ್ನು ಉಳಿಸಿದೆ, ನಿನ್ನ ದನಿಯನ್ನು ನನ್ನ ಕೈಯಾರೆ ತೆಗೆದೆ.

ಇನ್ನೂ ಸಮಯವಿದೆ. ನೀನು ಒಂದು ಮಾತು ಹೇಳು, ಚಿಲಕವನ್ನೆಲ್ಲ ಕಿತ್ತು ದನಿಯನ್ನು ಮೊದಲಿನ ಜಾಗದಲ್ಲೇ ಇಡುತ್ತೇನೆ. ಮೇಡಂ ಜೊತೆ ಜಗಳವಾದರೂ ಪರವಾಗಿಲ್ಲ. ಸುಮ್ಮನಿರಬೇಡ ಅಷ್ಟೇ. ಬೈದಾದರೂ ಬರೆ.

ನಿನ್ನ ತಮ್ಮ


ಮೇ 4

ತರ್ಲೆ,

ಮೊದಲು ಬೈಗುಳ, ಕೇಳಿದ್ದೀಯಲ್ಲ. ಚಿಲಕ ಕೀಳುತ್ತಾನಂತೆ! ಕಷ್ಟಪಟ್ಟು ಕಟ್ಟಿದ್ದನ್ನು ಅಕ್ಕ ಮುನಿಸಿಕೊಂಡಳು ಎಂದು ಕೆಡವುವವನಿಗೆ ಯಾರು ಕೆಲಸ ಕೊಟ್ಟರು? ಇದಕ್ಕೇ ನಾನು ನಿನಗೆ ಏನೂ ಹೇಳದಿದ್ದದ್ದು. ನಿನ್ನ ಭಾವನ ಜೊತೆ ನಾಲ್ಕು ದಿನ ಮಾತು ಬಿಟ್ಟಿದ್ದೆ. ಅವರು ಗಮನಿಸಲಿಲ್ಲ, ಅದು ಬೇರೆ ವಿಷಯ.

ಕೋಪ ಬಂದದ್ದು ನಿಜ. ನಿನ್ನ ಕಾಗದ ಓದಿ ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿಬಿಟ್ಟೆ. ಸ್ಟೇಷನ್ನಿನಲ್ಲೂ ಬೇಡವಾದೆ, ಸ್ವಂತ ತಮ್ಮನಿಗೂ ಬೇಡವಾದೆ ಅನ್ನಿಸಿತು. ಅತ್ತೂಬಿಟ್ಟೆ. ಬರೆಯುವುದಕ್ಕೆ ನಾಚಿಕೆಯೇನಿಲ್ಲ.

ಆದರೆ ಕೋಪ ಇಳಿದ ಮೇಲೆ ಒಪ್ಪಿಕೊಳ್ಳಲೇಬೇಕಾಯಿತು. ಅಷ್ಟು ಆಟ ಆಡಿದವಳು ನಾನು. ಯಾರೋ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ಕೂತಿದ್ದಾರೆ ಎಂದು ಗೊತ್ತಿದ್ದು ನಾನು ತಟ್ಟುತ್ತಿದ್ದೆ. ಆ ಕ್ಷಣಕ್ಕೆ ಎಲ್ಲ ಸರಿಯಾಗಿರುತ್ತಿತ್ತು. ಆಮೇಲೆ ಪ್ಲಾಟ್‌ಫಾರಂ ನಂಬರು ಹೇಳುವ ಹಾಗೆ ನನ್ನ ದನಿ ಬರುತ್ತಿತ್ತು, ಎಲ್ಲ ಹಾಳಾಗುತ್ತಿತ್ತು. ನನ್ನನ್ನು ಸೋಲಿಸುತ್ತಿದ್ದದ್ದು ನಾನೇ. ಆ ಮಾತನ್ನು ತೆಗೆ. ನಾನೇ ಹೇಳುತ್ತಿದ್ದೇನೆ, ತೆಗೆ.

ಈಗ ಒಂದು ಪ್ರಶ್ನೆ. ಈ ಸಲ ಮಗಳದ್ದಲ್ಲ, ಛತ್ರಿ-41ರದು. ಒಳಗಿದ್ದವನು ನಂಬಿ ಚಿಲಕ ಸರಿಸಿ ಬಾಗಿಲು ತೆಗೆಯುತ್ತಾನಲ್ಲ, ಆಗ ಏನಾಗುತ್ತದೆ? ದೊಡ್ಡ ಕಿರುಚು ಹಾಕಿದ್ದೀಯಾ, ಎಲ್ಲರೂ ಹಾಕುವ ಹಾಗೆ? ಬಾಗಿಲು ತೆಗೆದವನಿಗೆ ಎದುರಿಗಿರುವವರು ಏನಾದರೂ ಮಾತಾಡುತ್ತಾರೆ ಎಂಬ ನಿರೀಕ್ಷೆ ಇರುತ್ತದಪ್ಪ. ನಾನಾಗಿದ್ದರೆ ಕಿರುಚುವುದಿಲ್ಲ. ಮೆತ್ತಗೆ ಕೇಳುತ್ತೇನೆ: "ಒಬ್ರೇ ಇದ್ದೀರಾ?"

ಹೇಳಿ ನೋಡಿದೆ. ಸಾಮಾನುಗಳ ನಡುವೆ, ಕೌಂಟರಿನ ಕಿಟಕಿ ಮುಚ್ಚಿಕೊಂಡು. ನನಗೇ ಒಂಥರಾ ಆಯಿತು. ನಿನಗೆ ಬೇಕಿದ್ದರೆ ರೆಕಾರ್ಡ್ ಮಾಡುವ ಸಾಮಾನು ತೆಗೆದುಕೊಂಡು ಬಾ. ಕರುಣೆಯಿಂದ ಬರುವುದಾದರೆ ಬರಬೇಡ.

ಅಕ್ಕ


ಮೇ 19

ಅಕ್ಕಾ,

ರೆಕಾರ್ಡಿಂಗ್ ಹೊತ್ತುಕೊಂಡು ಸುಖವಾಗಿ ತಲುಪಿದೆ. ಭಾವ ಬ್ಯಾಗಿನೊಳಗೆ ಒಂದು ಚಿಲಕ ತುರುಕಿ ಕಳಿಸಿದ್ದಾರೆ, ಅದರ ಅರ್ಥ ಅವರನ್ನೇ ಕೇಳಬೇಕು.

ನಿನ್ನೆದುರು ಹೇಳಲು ಆಗಲಿಲ್ಲ, ಬರೆಯುತ್ತೇನೆ. ನಿನ್ನ ಹಳೆಯ ಕ್ಯಾಬಿನ್ನಿನಲ್ಲಿ ಮೈಕಿನ ಮುಂದೆ ಹೇಳಿದೆಯಲ್ಲ, ಅವೆಲ್ಲ ರೈಲು ಕರೆದ ಹಾಗೇ ಇದ್ದವು. ಆಮೇಲೆ ನೀನು ಎದ್ದು, "ಇಲ್ಲಿ ಆಗಲ್ಲ ಕಣೋ, ನನ್ನ ಕಿಟಕಿಗೆ ಬಾ" ಎಂದು ಕೌಂಟರಿಗೆ ಕರೆದುಕೊಂಡು ಹೋಗಿ ಅಲ್ಲಿ ಹೇಳಿದೆ. ಆ ದನಿ ನನಗೆ ಗೊತ್ತೇ ಇರಲಿಲ್ಲ. ಮೈಕಿನಲ್ಲಿ ನೀನು ಊರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದೆ. ಆ ಕಿಟಕಿಯಲ್ಲಿ ಕೂತು, ಏನೋ ಕಳೆದುಕೊಂಡು ಬಂದ ಒಬ್ಬೊಬ್ಬರ ಹತ್ತಿರ ಮಾತಾಡಿ ಮಾತಾಡಿ, ನಿನಗೆ ಇನ್ನೊಂದು ದನಿ ಬಂದಿದೆ. ಹತ್ತಿರದ ದನಿ. ಅದು ನಮಗೆ ಡಿಸೆಂಬರಿಗಿಂತ ಮೊದಲು ಸಿಗುತ್ತಿರಲಿಲ್ಲ.

ಅದನ್ನು ಬಾಗಿಲಿನ ಹಿಂದೆ ಇಟ್ಟು ಟೆಸ್ಟರುಗಳನ್ನು ಮತ್ತೆ ಚದುರಿಸಿದೆ. ಲೆಕ್ಕದವನು ಬಚ್ಚಲಿನಿಂದ ಹೊರಗೆ ಬಂದು, ಮುಖ ಬಿಳಿಚಿಕೊಂಡು, "ಇದು ಯಾರ ದನಿ?" ಎಂದು ಕೇಳಿದ. "ಛತ್ರಿ-41" ಎಂದೆ. ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ನಿನಗೆ ಕ್ಷಮೆ ಹೇಳಲು ತಿಳಿಸಿದ್ದಾನೆ.

ಅಪ್‌ಡೇಟ್ ಮುಂದಿನ ವಾರ ಹೊರಗೆ ಹೋಗುತ್ತದೆ. ನಿನ್ನ ಹೆಸರೂ ಕಲಾವಿದರ ಪಟ್ಟಿಯಲ್ಲಿದೆ.

ತರ್ಲೆ


ಜೂನ್ 8

ತರ್ಲೆಗೆ,

ಆಡಿದೆ. ಈ ಸಲ ನೆರೆಮನೆಯವಳಾಗಿ ಅಲ್ಲ. ಅವಳ ವೇಷಕ್ಕೆ ಈಗ ನೂಕುನುಗ್ಗಲಂತೆ, ನನಗೆ ಸರದಿಯೇ ಸಿಗಲಿಲ್ಲ! ಸರಿ, ಒಂದು ಸಲ ಅಡಗುವವಳೇ ಆಗೋಣ ಎಂದು ಕೂತೆ. ಪಕ್ಕದಲ್ಲಿ ನಿನ್ನ ಭಾವ ಪೇಪರ್ ಓದುತ್ತಿದ್ದರು.

ನನ್ನ ಜೊತೆಗೆ ಗುರುತು ಪರಿಚಯವಿಲ್ಲದ ಮೂವರು. ಅವರಲ್ಲಿ ಒಬ್ಬ ಮೊದಲಿನಿಂದಲೂ ನನ್ನ ಹಿಂದೆ ಹಿಂದೆಯೇ ಬರುತ್ತಿದ್ದ, ನಾನು ಫ್ಯೂಸು ಹಾಕುವಾಗ ಕಾವಲು ನಿಲ್ಲುತ್ತಿದ್ದ. ಒಂದು ತಿರುವಿನಲ್ಲಿ ಇಬ್ಬರೂ ಬೇರೆಯಾದೆವು. ನಾನು ಒಂದು ಕೋಣೆಗೆ ನುಗ್ಗಿ ಚಿಲಕ ಹಾಕಿಕೊಂಡೆ. ಹೊರಗೆ ಯಾರದೋ ಓಡುವ ಹೆಜ್ಜೆ, ಆಮೇಲೆ ಏನೂ ಇಲ್ಲ. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು.

ಈ ಆಟದ ಒಳಹೊರಗೆಲ್ಲ ಗೊತ್ತಿರುವವಳು ನಾನು. ಈ ಸದ್ದು ಹೇಗೆ ಹುಟ್ಟಿತು, ಯಾಕೆ ಹುಟ್ಟಿತು, ಬಾಗಿಲ ಹಿಂದೆ ಏನಿರಬಹುದು ಎಲ್ಲ ಗೊತ್ತು. ಆದರೂ ಆ ಹುಡುಗನೇ ಹೊರಗೆ ನಿಂತಿದ್ದರೆ ಎಂಬ ಯೋಚನೆ ಬಿಡಲಿಲ್ಲ. ಇನ್ನೊಮ್ಮೆ ತಟ್ಟಿತು. ಚಿಲಕ ತೆಗೆದೆ.

"ಒಬ್ರೇ ಇದ್ದೀರಾ?"

ಕಿಟ್ಟನೆ ಕಿರುಚಿಕೊಂಡೆ ಕಣೋ! ನಿನ್ನ ಭಾವ ಪೇಪರ್ ಸಮೇತ ಕುರ್ಚಿಯಿಂದ ಬಿದ್ದರು. ಮಗಳು ಓಡಿ ಬಂದಳು, ಪಕ್ಕದ ಮನೆಯವರು ಗೋಡೆ ಬಡಿದರು. "ಏನಾಯ್ತಮ್ಮಾ, ಯಾರು?" ಎಂದು ಮಗಳು ಕೇಳಿದಳು. ನನಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಯಾವ ಊರಿನಲ್ಲೋ ಕೂತ ಯಾರೋ ಒಬ್ಬರು, ನನ್ನನ್ನು ಎಂದೂ ಕಾಣದವರು, ನನ್ನ ದನಿ ಹಿಡಿದುಕೊಂಡು ನನ್ನ ಬಾಗಿಲಿಗೇ ಬಂದಿದ್ದರು.

"ನಾನೇ ಕಣೆ" ಎಂದೆ ಕೊನೆಗೆ.

ಅಕ್ಕ